ಶ್ರೀನಿವಾಸಪ್ಪನ ಇಲ್ಲದ ಬಿಪಿ

ಬೂದಿಕೋಟೆ ಪಕ್ಕದ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದ ಶ್ರೀನಿವಾಸಪ್ಪನಿಗೆ ಬಿಪಿ ಇರಲಿಲ್ಲ. ಶುಗರ್ ಇರಲಿಲ್ಲ. ಮಂಡಿನೋವು ಕೂಡ ಇರಲಿಲ್ಲ. ಅರವತ್ತರ ಹತ್ತಿರ ಬಂದ ಗಂಡಸು ಇಷ್ಟು ಗಟ್ಟಿಮುಟ್ಟಾಗಿದ್ದರೆ ಬೇರೆ ಯಾರೇ ಆಗಲಿ ದೇವರಿಗೆ ಕೈಮುಗಿದು ತಮ್ಮ ಪಾಡಿಗೆ ತಾವಿರುತ್ತಾರೆ. ಈ ಮಹಾನುಭಾವನಿಗೆ ಮಾತ್ರ ಅದೇ ಒಂದು ಕೊರಗಾಯಿತು. ಅದೂ ಎಂಥ ದಿನ ಅಂತೀರಿ, ಒಬ್ಬಳೇ ಮಗಳು ಲಿಖಿತಳ ನಿಶ್ಚಿತಾರ್ಥದ ದಿನ.

ಬೀಗರದು ಉರಿಗಾಂ. ಬೀಗರು ಮುನಿಸ್ವಾಮಪ್ಪ ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ, ಪೆನ್ಷನ್ ತೆಗೆದುಕೊಂಡು, ಸ್ವಂತ ಮನೆಯ ಮುಂದೆ ಸ್ವಂತ ಕಾರು ನಿಲ್ಲಿಸಿಕೊಂಡವರು. ಅವತ್ತು ಊಟ ಮುಗಿದ ಮೇಲೆ ಅವರ ಕಡೆಯ ಗಂಡಸರೆಲ್ಲ ಪಡಸಾಲೆಯಲ್ಲಿ ಕೂತು, ಎಲೆಅಡಿಕೆ ಡಬ್ಬಿ ತೆಗೆಯುವ ಹಾಗೆ ಜೇಬಿನಿಂದ ಮಾತ್ರೆ ಡಬ್ಬಿ ತೆಗೆದರು. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್, ಮತ್ತೊಬ್ಬರ ಹೃದಯದಲ್ಲಿ ಸ್ಟೆಂಟು. ನಮ್ಮ ಡಾಕ್ಟರು ಹೀಗಂದರು, ನಿಮ್ಮ ಡಾಕ್ಟರು ಏನಂದರು ಎಂದು ಮಾತು ರಂಗೇರಿತು. ಆಮೇಲೆ ಮುನಿಸ್ವಾಮಪ್ಪ ಈ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಬೀಗ್ರೇ, ನಿಮಗೆ?" ಎಂದು ಕೇಳಿದರು.

ನಮ್ಮ ಕಡೆಯವರ ನಂಬಿಕೆ ನಿಮಗೆ ಗೊತ್ತಿರಬೇಕು. ಬಿಪಿ ಅಂದರೆ ಫ್ಯಾನಿನ ಕೆಳಗೆ ಕೂತು ಯೋಚನೆ ಮಾಡುವವರ ಕಾಯಿಲೆ. ಓದಿದವರಿಗೆ ಬರುತ್ತದೆ, ಆಸ್ತಿ ಇರುವವರಿಗೆ ಬರುತ್ತದೆ. ಮುದ್ದೆ ಉಂಡು ಹೊಲ ಗೇಯುವವರ ಮನೆಯ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಹೀಗಿರುವಾಗ ಅಷ್ಟು ಜನ ದೊಡ್ಡವರ ಮಧ್ಯೆ "ನನಗೇನೂ ಇಲ್ಲ" ಅನ್ನುವುದೂ, "ನಾವು ಗತಿಯಿಲ್ಲದವರು" ಅನ್ನುವುದೂ ಶ್ರೀನಿವಾಸಪ್ಪನಿಗೆ ಒಂದೇ ಅನ್ನಿಸಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅವಮಾನ ಬೇರೆ ಇತ್ತು.

"ನಂಗೂ ಬಿಪಿ ಐತೆ ಬಿಡಿ ಬೀಗ್ರೇ," ಎಂದುಬಿಟ್ಟ.

ಅವತ್ತಿನಿಂದ ಮುನಿಸ್ವಾಮಪ್ಪನವರಿಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ. ಅವರ ಮನೆಯಲ್ಲಿ ಮೆತ್ತೆ ಹಾಕಿದ, ಹಿಂದಕ್ಕೆ ಒರಗುವ ಒಂದು ಕುರ್ಚಿ ಇತ್ತು. ಮಗನನ್ನೂ ಅದರ ಮೇಲೆ ಕೂರಲು ಬಿಡದ ಮನುಷ್ಯ, ಬೀಗರು ಬಂದ ಕೂಡಲೇ ತಾವೇ ಎಳೆದು ಹಾಕುತ್ತಿದ್ದರು. "ಕೂತ್ಕೊಳ್ಳಿ, ಬಿಪಿಯವರು ಬೆನ್ನಿಗೆ ಆಸರೆ ಇಟ್ಕೋಬೇಕು," ಅನ್ನುತ್ತಿದ್ದರು. ಊಟಕ್ಕೆ ಇಬ್ಬರಿಗೂ ಸೇರಿ ಒಂದು ಚಿಕ್ಕ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು ಬರುತ್ತಿತ್ತು. ದನದ ಕಲಗಚ್ಚಿಗೂ ಅದಕ್ಕಿಂತ ರುಚಿ ಇರುತ್ತದೆ, ಆದರೂ ಶ್ರೀನಿವಾಸಪ್ಪ ಮರ್ಯಾದೆಯ ಆಸೆಗೆ ಅದನ್ನು ಸೊರ್ರೆಂದು ಸುರಿದುಕೊಂಡು "ಬೋ ಚೆನ್ನಾಗೈತೆ" ಅನ್ನುತ್ತಿದ್ದ. ಲಿಖಿತ ಮದುವೆಯಾಗಿ ಉರಿಗಾಂ ಸೇರಿದ ಮೇಲೆ ದಿನಾ ವಿಡಿಯೋ ಕಾಲ್ ಮಾಡಿ "ಅಪ್ಪಾ, ಮಾತ್ರೆ ತಗೊಂಡ್ಯಾ?" ಎಂದು ವಿಚಾರಿಸುತ್ತಿದ್ದಳು. ಇವನು ಫೋನಿಗೆ ಕಾಣುವ ಹಾಗೆ ನಾಲಿಗೆ ಚಾಚಿ ಒಂದು ಪೆಪ್ಪರ್‌ಮಿಂಟು ಇಟ್ಟುಕೊಂಡು ನೀರು ಕುಡಿಯುತ್ತಿದ್ದ.

ಈ ನಾಟಕ ಗೊತ್ತಿದ್ದದ್ದು ಒಬ್ಬಳಿಗೇ, ಹೆಂಡತಿ ಅಮ್ಮಾಜಮ್ಮನಿಗೆ. "ಒಡವೆ ಸುಳ್ಳು ಹೇಳೋರ್ನ ನೋಡಿದೀನಿ, ಜಮೀನು ಸುಳ್ಳು ಹೇಳೋರ್ನ ನೋಡಿದೀನಿ. ಕಾಯಿಲೆ ಸುಳ್ಳು ಹೇಳ್ಕೊಂಡು ಮೆರೆಯೋನು ನೀನೊಬ್ನೇ ಕಣಯ್ಯಾ," ಎಂದು ನಗುತ್ತಿದ್ದಳು. ಆದರೆ ಬೀಗರ ಮುಂದೆ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಗಂಡನನ್ನು ತಾನು ಎಷ್ಟು ಬೇಕಾದರೂ ಆಡಿಕೊಳ್ಳುತ್ತಾಳೆ, ಬೇರೆಯವರು ನಗುವ ಹಾಗಿಲ್ಲ. ಅದು ಅವಳ ಕಾನೂನು.

ಅಮ್ಮಾಜಮ್ಮ ಕೋಳಿ ಕೂಗುವ ಮುಂಚೆ ಏಳುವವಳು. ಎರಡು ಹಸುವಿನ ಹಾಲು ಕರೆದು, ಅಡಿಗೆ ಮಾಡಿಟ್ಟು, ಊರವರ ಹೊಲಕ್ಕೆ ಟೊಮೆಟೊ ಬಿಡಿಸಲು ಕೂಲಿಗೆ ಹೋಗುವವಳು. ಸಂಜೆ ಬಂದರೆ ತಲೆಗೆ ಒಂದು ಹಳೇ ಬಟ್ಟೆ ಬಿಗಿದು ಕಟ್ಟಿಕೊಂಡು ಮತ್ತೆ ಒಲೆ ಮುಂದೆ ಕೂರುತ್ತಿದ್ದಳು. ಹಾಲು ಕರೆಯುವಾಗ ಗೌರಿ ಹಸುವಿನ ಹೊಟ್ಟೆಗೆ ತಲೆ ಆನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಅದನ್ನು ಶ್ರೀನಿವಾಸಪ್ಪ ಹಸುವಿನ ಮೇಲಿನ ಪ್ರೀತಿ ಅಂದುಕೊಂಡಿದ್ದ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿರುವಾಗ ಒಂದು ದಿನ ಮುನಿಸ್ವಾಮಪ್ಪನವರ ಫೋನು ಬಂತು.

"ಬೀಗ್ರೇ, ಮನೆಯಲ್ಲೇ ಬಿಪಿ ನೋಡೋ ಮಿಷಿನ್ ತರಿಸಿದೀನಿ. ಶನಿವಾರ ಇಬ್ಬರೂ ಊಟಕ್ಕೆ ಬನ್ನಿ. ನಿಮ್ಮದೂ ನೋಡಿಬಿಡೋಣ."

ಶ್ರೀನಿವಾಸಪ್ಪನ ಜೀವ ಬಾಯಿಗೆ ಬಂತು. ಮಿಷಿನ್ನು ಬಿಪಿ ಇಲ್ಲ ಎಂದು ತೋರಿಸಿದರೆ ಮುಗಿಯಿತು. ಕುರ್ಚಿ ಹೋಗುತ್ತದೆ, ಮಾನ ಹೋಗುತ್ತದೆ, ಮೇಲಾಗಿ ಸುಳ್ಳುಬುರುಕನ ಮಗಳು ಅನ್ನುವ ಮಾತು ಲಿಖಿತಳ ತಲೆಗೆ ಬರುತ್ತದೆ. ಅಮ್ಮಾಜಮ್ಮನಿಗೆ ಹೇಳಿದರೆ ಅವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ಹಾಲಿಗೆ ನೀರು ಬೆರ್ಸೋರ್ನ ದಿನಾ ಹಿಡೀತೀಯಲ್ಲ, ಈಗ ನಿನ್ ಹಾಲಿಗೇ ಟೆಸ್ಟು ಬಂತು ನೋಡು."

ಅವಳು ತಮಾಷೆಗೆ ಅಂದ ಮಾತೇ ಅವನಿಗೆ ದಾರಿ ತೋರಿಸಿತು. ಟೆಸ್ಟಿನ ದಿನ ಜನ ಏನೇನು ಮಾಡುತ್ತಾರೆ ಅನ್ನುವುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಲಿನ ಫ್ಯಾಟು ಏರಲಿ ಎಂದು ಹಿಂದಿನ ದಿನ ಹಸುವಿಗೆ ಹತ್ತಿಕಾಳು ಹಿಂಡಿ ಹೆಚ್ಚಿಗೆ ತಿನ್ನಿಸುವವರನ್ನು ಅವನು ನೋಡಿದ್ದಾನೆ. ಬಿಪಿ ಏರಬೇಕಾದರೆ ಉಪ್ಪು, ಖಾರ, ಓಟ, ಸಿಟ್ಟು. ಬೀಗರೇ ಸಿಕ್ಕಾಗಲೆಲ್ಲ ಇವೆಲ್ಲ ಕೂಡದು ಅನ್ನುತ್ತಿದ್ದರಲ್ಲ. ಕೂಡದು ಅಂದದ್ದನ್ನೆಲ್ಲ ಒಂದೇ ದಿನ ಮಾಡಿಬಿಟ್ಟರೆ ಆಯಿತು.

ಶನಿವಾರ ಅಮ್ಮಾಜಮ್ಮನ ಜೊತೆ ಬಂಗಾರಪೇಟೆಯಲ್ಲಿ ಬಸ್ಸಿಳಿದವನೇ, ಆಗತಾನೇ ಗಾಡಿ ಜೋಡಿಸುತ್ತಿದ್ದ ಪಾನಿಪುರಿಯವನ ಮುಂದೆ ನಿಂತ. ಬಂಗಾರಪೇಟೆಯ ಪಾನಿ ನೋಡಲು ತಿಳಿನೀರು, ಬಾಯಿಗೆ ಬಿದ್ದರೆ ಕೆಂಡ. ಪುರಿ ಬೇಡ ಎಂದು ಬರೀ ಪಾನಿಯನ್ನೇ ಲೋಟದಲ್ಲಿ ಹಾಕಿಸಿಕೊಂಡು ಕುಡಿದ. ಗಾಡಿಯವನು ಇವನ ಮುಖವನ್ನೂ, ಅಮ್ಮಾಜಮ್ಮನ ಮುಖವನ್ನೂ ನೋಡಿ, "ಅಣ್ಣ, ಮನೇಲಿ ಏನಾದ್ರೂ ಜಗಳವಾ?" ಎಂದು ಕೇಳಿದ. ಆಮೇಲೆ ಉಪ್ಪಿನಕಾಯಿ ಪ್ಯಾಕೆಟ್ಟು ಹರಿದು ನೆಕ್ಕುತ್ತ ಮಾರಿಕುಪ್ಪಂ ರೈಲು ಹತ್ತಿದ. ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ಬೀಗರ ಮನೆಯ ಏರುರಸ್ತೆಯಲ್ಲಿ, ಪಂಚೆ ಎತ್ತಿ ಕಟ್ಟಿ, ಓಡತೊಡಗಿದ.

ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅಮ್ಮಾಜಮ್ಮ ಮೋರಿಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟಿದ್ದಳು.

"ನೀನು ಓಗಿರು. ಯಾಕೋ ತಲೆ ತಿರುಗ್ತದೆ, ಎದೆ ಒಂಥರಾ ಹಿಡ್ಕಂಡಂಗೈತೆ. ನಿಧಾನಕ್ಕೆ ಬತ್ತೀನಿ."

"ಬೇಗ ಬಾರೇ, ಏರಿರೋದು ಇಳಿದೋಗ್ತದೆ," ಎಂದು ಶ್ರೀನಿವಾಸಪ್ಪ ನಿಂತಲ್ಲೇ ಕುಣಿಯುತ್ತ ಕೂಗಿದ.

ಏದುಸಿರು ಬಿಡುತ್ತ, ಬೆವರು ಸುರಿಸುತ್ತ ಮನೆಯೊಳಗೆ ಕಾಲಿಟ್ಟ. ತಗೊಳ್ಳಿ, ಈಗಲೇ ನೋಡಿ ಎಂದು ಅಂಗಿಯ ತೋಳು ಮಡಚಿದ. ಆದರೆ ಮುನಿಸ್ವಾಮಪ್ಪ ಓದಿದ ಮನುಷ್ಯ ನೋಡಿ. ಮಿಷಿನ್ನಿನ ಜೊತೆ ಬಂದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿಟ್ಟಿದ್ದರು. "ಹಾಗೆಲ್ಲ ಬಂದ ತಕ್ಷಣ ನೋಡಬಾರದು ಬೀಗ್ರೇ. ಆರಾಮಾಗಿ ಕೂತು, ಉಸಿರು ಸಮ ಆದ ಮೇಲೆ ನೋಡಬೇಕು," ಎಂದು ಅದೇ ಕುರ್ಚಿಯಲ್ಲಿ ಕೂರಿಸಿ, ಫ್ಯಾನು ಹಾಕಿದರು. ಮೊದಲು ತಮ್ಮದು ನೋಡಿಕೊಂಡರು. ನೂರಿಪ್ಪತ್ತೆಂಟು, ಎಂಬತ್ತೆರಡು. "ಹನ್ನೆರಡು ವರ್ಷದ ಬಿಪಿ. ಮಾತ್ರೆ, ವಾಕಿಂಗು, ಮೂರು ತಿಂಗಳಿಗೊಂದು ಸಲ ಡಾಕ್ಟರು. ಹೇಗಿಟ್ಟಿದೀನಿ ನೋಡಿ," ಎಂದು ಸಾಕಿದ ಎತ್ತಿನ ಬೆನ್ನು ತಟ್ಟುವ ಹಾಗೆ ಮಿಷಿನ್ನನ್ನು ತಟ್ಟಿದರು.

ಈ ಕಡೆ ಶ್ರೀನಿವಾಸಪ್ಪ ಸಿಟ್ಟು ಬರಿಸಿಕೊಳ್ಳಲು ಪಾಡು ಪಡುತ್ತಿದ್ದ. ಎಲ್ಲರ ಮುಂದೆ ತನ್ನನ್ನು ಬೈದಿದ್ದ ಡೈರಿ ಸೆಕ್ರೆಟರಿಯನ್ನು ನೆನೆದ. ಹೊಲದ ಬದು ಒತ್ತರಿಸಿದ ದಾಯಾದಿಯನ್ನು ನೆನೆದ. ಹಾಳಾದ ಕುರ್ಚಿ ಎಷ್ಟು ಸುಖವಾಗಿತ್ತೆಂದರೆ, ದಾಯಾದಿಯ ಮೇಲೂ ಪ್ರೀತಿ ಬಂದು ಕಣ್ಣು ಎಳೆಯಿತು. ಲಿಖಿತ ಬಂದು ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಪಟ್ಟಿ ಬುಸ್ಸೆಂದು ಉಬ್ಬಿ, ಇಳಿಯಿತು.

ನೂರಹದಿನೆಂಟು, ಎಪ್ಪತ್ತಾರು.

"ಇದೇನಿದು, ಎಳೇ ಹುಡುಗರ ಥರ ಇದೆ," ಎಂದು ಮುನಿಸ್ವಾಮಪ್ಪ ಕನ್ನಡಕ ಸರಿಮಾಡಿಕೊಂಡರು. "ಯಾವ ಮಾತ್ರೆ ತಗೋತೀರಿ ಬೀಗ್ರೇ? ನಮ್ಮ ಡಾಕ್ಟರಿಗೆ ಹೇಳಿ ನಾನೂ ಅದನ್ನೇ ಬರೆಸಿಕೋತೀನಿ."

ಶ್ರೀನಿವಾಸಪ್ಪನಿಗೆ ಪೆಪ್ಪರ್‌ಮಿಂಟು ಬಿಟ್ಟು ಬೇರೆ ಹೆಸರು ಹೊಳೆಯಲಿಲ್ಲ. ಕುತ್ತಿಗೆಗೆ ಬಂದಾಗ ಮನುಷ್ಯನಿಗೆ ಗೊತ್ತಿರುವ ಕಸುಬೇ ಕೈ ಹಿಡಿಯುವುದು.

"ಮಿಷಿನ್ ಸರಿಯಿಲ್ಲ ಬೀಗ್ರೇ," ಎಂದ. "ನಾನು ಟೆಸ್ಟರು, ನಂಗೆ ಮಿಷಿನ್ ಬುದ್ಧಿ ಗೊತ್ತು. ಡೈರಿನಾಗೆ ಅನುಮಾನ ಬಂದ್ರೆ ನಾವೇನ್ ಮಾಡ್ತೀವಿ ಹೇಳ್ಲಾ? ಲೆಕ್ಕ ಗೊತ್ತಿರೋ ಹಾಲು ಹಾಕಿ ನೋಡ್ತೀವಿ. ನಮ್ ಗೌರಿ ಹಾಲು ಮಳೆ ಬರ್ಲಿ, ಬಿಸಿಲಿರ್ಲಿ, ಫ್ಯಾಟು ಮೂರೂಮುಕ್ಕಾಲೇ. ಅದು ಹೆಚ್ಚುಕಮ್ಮಿ ತೋರ್ಸಿದ್ರೆ ಕೆಟ್ಟಿರೋದು ಮಿಷಿನ್ನೇ, ಹಾಲಲ್ಲ."

"ಸರಿ, ಇಲ್ಲಿ ಗೌರಿನ ಎಲ್ಲಿಂದ ತರೋಣ?"

ಅಷ್ಟರಲ್ಲಿ ಅಮ್ಮಾಜಮ್ಮ ಬಂದು ಅಡಿಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಕೂತು, ಬೀಗಿತಿ ಇಂದ್ರಾಣಿಯವರು ಕೊಟ್ಟ ನೀರು ಕುಡಿಯುತ್ತಿದ್ದಳು. ಶ್ರೀನಿವಾಸಪ್ಪ ಅವಳ ಕಡೆ ಕೈ ತೋರಿಸಿದ. "ಇವಳ್ದು ನೋಡಿ. ಹುಟ್ಟಿದಾಗಿಂದ ಆಸ್ಪತ್ರೆ ಮೆಟ್ಲು ಹತ್ತಿದ್ದು ಹೆರಿಗೆಗೆ ಒಂದೇ ಸಲ. ಓದಿಲ್ಲ, ಬರೆದಿಲ್ಲ, ಬೆಳಗಿಂದ ಸಂಜೆಗಂಟ ಗೇಯ್ತಾಳೆ. ಬಿಪಿ ಅನ್ನೋದು ಇವಳ ಹತ್ರ ಸುಳಿಯಾಕಿಲ್ಲ."

ಅಮ್ಮಾಜಮ್ಮ ಬೇಡ ಬೇಡ ಅಂದರೂ ಲಿಖಿತ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಉಬ್ಬಿತು, ಮತ್ತೆ ಉಬ್ಬಿತು, ಇಳಿಯಲು ಬಹಳ ಹೊತ್ತು ತೆಗೆದುಕೊಂಡಿತು.

ನೂರ ಎಂಬತ್ತಾರು, ನೂರ ಹನ್ನೆರಡು.

"ನೋಡಿದ್ರಾ?" ಶ್ರೀನಿವಾಸಪ್ಪ ತೊಡೆ ತಟ್ಟಿದ. "ಬಿಪಿ ಇರೋ ನಂಗೆ ಇಲ್ಲ ಅಂತದೆ, ಇಲ್ದಿರೋ ಇವಳಿಗೆ ಐತೆ ಅಂತದೆ. ಕೆಟ್ಟೋಗೈತೆ ಬೀಗ್ರೇ."

ಮುನಿಸ್ವಾಮಪ್ಪನವರಿಗೆ ಎಂಥ ನಿರಾಸೆ ಅಂದರೆ, ಮುಖ ಇಷ್ಟೇ ಇಷ್ಟಾಯಿತು. "ಹಾಗಾದ್ರೆ ನನ್ನದೂ ಸುಳ್ಳೇ ತೋರಿಸಿರಬೇಕು," ಎಂದು ಗೊಣಗುತ್ತ, ವಾಪಸ್ ಕೊಡಲು ಮಿಷಿನ್ನನ್ನು ಡಬ್ಬಿಗೆ ತುಂಬಿದರು. ಲಿಖಿತ ಮಾತ್ರ, "ಮಾವ, ಅಮ್ಮಂದು ಇನ್ನೊಂದು ಸಲ ನೋಡೋಣ," ಎಂದಳು.

"ಕೆಟ್ಟೈತೆ ಬಿಡಮ್ಮ," ಎಂದಳು ಅಮ್ಮಾಜಮ್ಮ. "ನಿಮ್ಮಪ್ಪ ಟೆಸ್ಟರು. ಅವ್ರಿಗೆ ಗೊತ್ತಾಗಲ್ವಾ?"

ಹಾಗೆಂದು ಸೆರಗಿನಿಂದ ಮುಖ ಒರೆಸಿಕೊಂಡು, ಎಲೆ ಹಾಕಲು ಎದ್ದಳು. ಗಂಡನ ಕಡೆ ನೋಡಲಿಲ್ಲ.

ಊಟಕ್ಕೆ ಕೂತಾಗ ಶ್ರೀನಿವಾಸಪ್ಪನಿಗೆ ಬಹಳ ಖುಷಿಯಾಗಿತ್ತು. ಗೆದ್ದೆ ಅಂದುಕೊಂಡು ಒಂದು ತುತ್ತು ನುಂಗಿದ. ಎರಡನೇ ತುತ್ತು ಕೈಯಲ್ಲೇ ಉಳಿಯಿತು. ಮಿಷಿನ್ನು ಕೆಟ್ಟಿದೆ ಅನ್ನುವುದಕ್ಕೆ ಇದ್ದ ಸಾಕ್ಷಿ ಏನು? ಬಿಪಿ ಇರುವ ಶ್ರೀನಿವಾಸಪ್ಪನಿಗೆ ಇಲ್ಲ ಎಂದು ತೋರಿಸಿತು ಅನ್ನುವುದು. ಆದರೆ ಶ್ರೀನಿವಾಸಪ್ಪನಿಗೆ ಬಿಪಿ ಇರಲಿಲ್ಲವಲ್ಲ. ಲೆಕ್ಕ ಗೊತ್ತಿರುವ ಹಾಲು ಅವನೇ. ಅವನನ್ನು ಮಿಷಿನ್ನು ಸರಿಯಾಗಿಯೇ ಅಳೆದಿತ್ತು. ಹಾಗಾದರೆ ಅವಳನ್ನು?

ಅವನಿಗೆ ಭಯವಾಯಿತು. ಮೋರಿಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದವಳು ಕಣ್ಣ ಮುಂದೆ ಬಂದಳು. ಸಂಜೆ ಹೊತ್ತು ಬಿಗಿದು ಕಟ್ಟುವ ಬಟ್ಟೆ, ಗೌರಿಯ ಹೊಟ್ಟೆಗೆ ಆನಿಸಿದ ಹಣೆ, ಒಂದೊಂದಾಗಿ ಬಂದವು. ಹಸುವಿನ ಮೇಲೆ ಅಷ್ಟೊಂದು ಪ್ರೀತಿ ಯಾರಿಗಿರುತ್ತದೆ? ಊರಿನ ಪ್ರತಿ ಮನೆಯ ಹಾಲನ್ನೂ ದಿನಕ್ಕೆರಡು ಸಲ ಅಳೆಯುವ ತಾನು, ಮನೆಯವಳನ್ನು ಇವತ್ತಿನವರೆಗೂ ಏನು ಎತ್ತ ಎಂದು ಕೇಳಿರಲಿಲ್ಲ. ಮಿಷಿನ್ನು ಕೆಟ್ಟಿರಲಪ್ಪಾ ಎಂದು, ಈ ಸಲ ನಿಜವಾಗಿಯೂ, ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊತ್ತ.

ಅಮ್ಮಾಜಮ್ಮ ಎದುರಿಗೆ ಕೂತು ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದಳು. ಅವಳಿಗೂ ಗೊತ್ತು. ಗಂಡನಿಗೆ ಬಿಪಿ ಇಲ್ಲ ಅನ್ನುವುದು ಈ ಲೋಕದಲ್ಲಿ ಗೊತ್ತಿದ್ದ ಇನ್ನೊಬ್ಬಳು ಅವಳೇ. ಗೊತ್ತಿದ್ದೂ ಕೆಟ್ಟೈತೆ ಬಿಡಮ್ಮ ಅಂದಿದ್ದಳು.

"ಅದನ್ನ ತಿನ್ಬೇಡ," ಎಂದ ಶ್ರೀನಿವಾಸಪ್ಪ.

ಎಲ್ಲರೂ ಅವನನ್ನು ನೋಡಿದರು.

"ಬೀಗ್ರೇ, ಮಿಷಿನ್ ಕೆಟ್ಟಿಲ್ಲ. ಸರಿಯಾಗೈತೆ."

"ಈಗ ತಾನೇ ನೀವೇ..."

"ನಂಗೆ ಬಿಪಿ ಇಲ್ಲ ಬೀಗ್ರೇ. ಯಾವತ್ತೂ ಇರ್ಲಿಲ್ಲ. ನಿಶ್ಚಿತಾರ್ಥದ ದಿನ ಅಷ್ಟು ಜನದ ಮುಂದೆ ಏನೂ ಇಲ್ಲ ಅನ್ನಾಕೆ ನಾಚ್ಕೆ ಆಗಿ ಸುಳ್ಳು ಹೇಳ್ದೆ. ಲಿಖಿತಮ್ಮ, ನಾನು ತಿಂತಿದ್ದಿದ್ದು ಪೆಪ್ಪರ್‌ಮಿಂಟು ಕಣಮ್ಮ. ನಂದು ಸರಿಯಾಗಿ ತೋರ್ಸಿದ ಮೇಲೆ ಇವಳ್ದೂ ಸರಿಯಾಗೇ ತೋರ್ಸೈತೆ. ಇವಳ್ನ ಆಸ್ಪತ್ರೆಗೆ ಕರ್ಕೊಂಡು ಓಗ್ಬೇಕು."

ಶ್ರೀನಿವಾಸಪ್ಪ ಎಲೆಯನ್ನೇ ನೋಡುತ್ತ ಕೂತಿದ್ದ. ಮುನಿಸ್ವಾಮಪ್ಪ ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಇಷ್ಟು ದಿನ ಆ ಉಪ್ಪಿಲ್ಲದ ಸಾರನ್ನ ಯಾಕ್ರೀ ತಿಂದ್ರಿ?"

"ನೀವು ಪ್ರೀತಿಯಿಂದ ಹಾಕ್ಸಿದ್ರಿ, ತಿಂದೆ."

"ನನಗೇ ನುಂಗೋಕೆ ಆಗಲ್ಲ," ಎಂದವರೇ ಮುನಿಸ್ವಾಮಪ್ಪ ಕೈ ತೊಳೆದು, ಅಂಗಿ ಹಾಕಿಕೊಂಡು, ಕಾರಿನ ಬೀಗದ ಕೈ ಹುಡುಕತೊಡಗಿದರು. ಇಂದ್ರಾಣಿಯವರು ಆಗಲೇ ಅಮ್ಮಾಜಮ್ಮನ ಎಲೆಯಿಂದ ಉಪ್ಪಿನಕಾಯಿ ತೆಗೆದಿದ್ದರು.

ಆಸ್ಪತ್ರೆಯಲ್ಲಿ ಮತ್ತೆ ನೋಡಿದರೂ ಅಷ್ಟೇ ಬಂತು. ಇಸಿಜಿ ತೆಗೆದರು, ರಕ್ತ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೂ ಸಮಾಧಾನವಾಗಿ ಮಾತಾಡುತ್ತಿದ್ದರು. ಬಿಪಿ ಬಂದು ವರ್ಷಗಳೇ ಆಗಿರಬೇಕು, ಹೃದಯದ ಮೇಲೆ ಆಗಲೇ ಭಾರ ಬಿದ್ದಿದೆ ಅಂದರು. ಸದ್ಯ ಈಗಲಾದರೂ ಬಂದಿರಿ, ಮಾತ್ರೆ ತಪ್ಪಿಸದೆ ತಗೊಂಡರೆ ಹತೋಟಿಗೆ ಬರುತ್ತದೆ, ಇನ್ನಷ್ಟು ದಿನ ಬಿಟ್ಟಿದ್ದರೆ ಲಕ್ವವೋ ಹಾರ್ಟ್ ಅಟ್ಯಾಕೋ ಆಗಿ ಹೊತ್ತುಕೊಂಡು ಬರಬೇಕಾಗಿತ್ತು ಅಂದರು.

ಅಮ್ಮಾಜಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಅಲ್ಲ ಡಾಕ್ಟ್ರಮ್ಮ, ಅದು ಓದಿರೋರ್ಗೆ, ದುಡ್ಡಿರೋರ್ಗೆ ಬರೋ ಕಾಯಿಲೆ ಅಲ್ವಾ? ನಾನು ಹೆಬ್ಬೆಟ್ಟು ಒತ್ತೋಳು. ನಂಗೆಂಗೆ ಬಂತು?"

ಡಾಕ್ಟರಮ್ಮ ನಕ್ಕರು. "ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನಿಜ ಏನಂದ್ರೆ, ನಿಮ್ಮಂಥವರಿಗೇ ಜಾಸ್ತಿ ತೊಂದರೆ ಆಗೋದು ಅಮ್ಮ. ಓದಿರೋರಿಗೆ, ದುಡ್ಡಿರೋರಿಗೆ ಬಂದ್ರೆ ಬೇಗ ಗೊತ್ತಾಗುತ್ತೆ. ಅವರು ನೋಡಿಸಿಕೊಳ್ತಾರೆ, ಮಾತ್ರೆ ತಗೋತಾರೆ, ರೆಸ್ಟ್ ಮಾಡ್ತಾರೆ. ನಿಮಗೆ ಬಂದ್ರೆ ಅದೂ ನಿಮ್ಮ ಜೊತೆ ಕೂಲಿಗೆ ಬರುತ್ತೆ. ತಲೆನೋವು ಅಂದ್ರೆ ಬಟ್ಟೆ ಕಟ್ಕೋತೀರಿ, ಯಾರೂ ತೋಳು ಹಿಡಿದು ನೋಡಿರಲ್ಲ."

ಕೊನೆಯ ಮಾತು ಅಮ್ಮಾಜಮ್ಮನಿಗೆ ಹೇಳಿದ್ದು. ಹೋಗಿ ನಾಟಿದ್ದು ಪಕ್ಕದಲ್ಲಿ ನಿಂತಿದ್ದ ಶ್ರೀನಿವಾಸಪ್ಪನಿಗೆ. ಅವನು ಮಾತ್ರೆಯ ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಬೆಳಗಿನ ಹಾಲು ಇನ್ನು ಮೇಲೆ ನಾನೇ ಕರೀತೀನಿ ಎಂದ. "ಗೌರಿ ಒದೀತಾಳೆ," ಎಂದಳು ಅಮ್ಮಾಜಮ್ಮ. ಒದೆಯಲಿ ಎಂದ.

ಗೌರಿ ಒದ್ದಳು ಕೂಡ, ಅದು ಬೇರೆ ಮಾತು.

ಮುಂದಿನ ತಿಂಗಳು ಮತ್ತೆ ಆಸ್ಪತ್ರೆಗೆ ತೋರಿಸಿಕೊಂಡು ಬೀಗರ ಮನೆಗೆ ಹೋದರು. ಮುನಿಸ್ವಾಮಪ್ಪ ಎಂದಿನಂತೆ ಮೆತ್ತೆಯ ಕುರ್ಚಿಯನ್ನು ಎಳೆದು ಹಾಕಿದರು. ಹಳೇ ಅಭ್ಯಾಸ, ಶ್ರೀನಿವಾಸಪ್ಪ ಪಂಚೆ ಸರಿಮಾಡಿಕೊಂಡು ಕೂರಲು ಬಗ್ಗಿದ.

"ನೀವಲ್ಲ ಬೀಗ್ರೇ," ಎಂದು ಮುನಿಸ್ವಾಮಪ್ಪ ಅವನ ತೋಳು ಹಿಡಿದು ಪ್ಲಾಸ್ಟಿಕ್ ಸ್ಟೂಲಿನ ಕಡೆ ತಿರುಗಿಸಿದರು. "ನಿಮಗೇನಾಗಿದೆ, ಗುಂಡುಕಲ್ಲಿನ ಥರ ಇದೀರಿ. ಅಮ್ಮಾಜಮ್ಮನೋರೇ, ನೀವು ಬನ್ನಿ. ಬಿಪಿಯವರು ಬೆನ್ನಿಗೆ ಆಸರೆ ಇಟ್ಕೋಬೇಕು."

ಅಮ್ಮಾಜಮ್ಮ ನಾಚಿಕೊಂಡು ಅಡಿಗೆಮನೆಯ ಕಡೆ ನೋಡಿದಳು. ಇಂದ್ರಾಣಿಯವರು ಬಾಗಿಲಿಗೆ ಅಡ್ಡ ನಿಂತಿದ್ದರು. ಬೇರೆ ದಾರಿಯಿಲ್ಲದೆ ಬಂದು ಕುರ್ಚಿಯ ತುದಿಯಲ್ಲಿ, ಯಾರಾದರೂ ಕರೆದರೆ ತಕ್ಷಣ ಏಳುವವಳ ಹಾಗೆ ಕೂತಳು. ಮೆತ್ತೆಯನ್ನು ಅಂಗೈಯಿಂದ ಒತ್ತಿ ನೋಡಿದಳು.

"ಈ ಕುರ್ಚಿಗೋಸ್ಕರನಾ ಇಷ್ಟೆಲ್ಲ ಸುಳ್ಳು ಹೇಳಿದ್ದು?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ಊಂ."

ಅಮ್ಮಾಜಮ್ಮ ಸ್ವಲ್ಪ ಹಿಂದಕ್ಕೆ ಸರಿದಳು. ಇನ್ನೂ ಸ್ವಲ್ಪ ಸರಿದಳು. ಕುರ್ಚಿ ಅವಳನ್ನು ಹೊತ್ತುಕೊಂಡು ಹಿಂದಕ್ಕೆ ವಾಲಿತು. ನೆಲ ಬಿಟ್ಟ ಕಾಲುಗಳನ್ನು ಗಾಬರಿಯಿಂದ ನೋಡಿಕೊಂಡಳು, ಆಮೇಲೆ ಅವನ್ನು ಹಾಗೇ ಬಿಟ್ಟಳು.

"ಹೇಳ್ಬೋದು," ಎಂದು ಕಣ್ಣು ಮುಚ್ಚಿದಳು.